ವರನಿಗೂ ಒಂದು ಕಿವಿಮಾತು

ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’ ಪುಸ್ತಕವನ್ನು ಮದುವೆ ಗೊತ್ತಾದ ಹುಡುಗಿಯ ಕೈಗೆ ಅಕ್ಕನೋ ಅತ್ತಿಗೆಯೋ ಸದ್ದಿಲ್ಲದೆ ದಾಟಿಸುತ್ತಿದ್ದ ಕಾಲವೊಂದಿತ್ತು. ಹುಡುಗರಿಗೆ ಆ ಭಾಗ್ಯವಿರಲಿಲ್ಲ. ಅವರಿಗೆ ಸಿಗುತ್ತಿದ್ದುದು ಗೆಳೆಯರ ಪೋಲಿ ಮಾತು, ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿ, ಈಗ ಅದರ ಜತೆಗೆ ಮೊಬೈಲಿನ ವಿಡಿಯೊ. ಶಕ್ತಿ ಸಾಲದು, ಉದ್ದ ಸಾಲದು, ಹೊತ್ತು ಸಾಲದು ಎಂದು ಹೆದರಿಸುವುದರಲ್ಲಿ ಮೂರೂ ಪಳಗಿದಂಥವು. ಕೂಡುವಾಗ ಗಂಡಸಿನ ಅಂಗಕ್ಕೂ ಪೆಟ್ಟಾಗಬಹುದು, ಹಾಗಾದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾವುದೂ ಹೇಳುವುದಿಲ್ಲ.

ಅದನ್ನೇ ಇಲ್ಲಿ ನಿಧಾನವಾಗಿ ನೋಡೋಣ. ಮೊದಲೇ ಏನಾದರೂ ತಿಳಿದಿರಬೇಕೆಂದಿಲ್ಲ. ಒಂದು ಷರತ್ತಿದೆ: ಶಿಶ್ನ, ವೃಷಣ, ಮುಂದೊಗಲು ಎಂಬ ಮಾತುಗಳನ್ನು ನಾನು ನೇರವಾಗಿ ಬಳಸುತ್ತೇನೆ, ನೀವೂ ಕಲಿತುಕೊಳ್ಳಿ. ಆಸ್ಪತ್ರೆಯ ಕೌಂಟರಿನಲ್ಲಿ ‘ಅಲ್ಲಿ ನೋವು’, ‘ಕೆಳಗಡೆ ತೊಂದರೆ’ ಎಂದು ತಡವರಿಸಿದರೆ ಮೂಳೆ ವಿಭಾಗಕ್ಕೂ ಚೀಟಿ ಬರೆದುಕೊಟ್ಟಾರು.

ಶಿಶ್ನದಲ್ಲಿ ಮೂಳೆ ಇಲ್ಲ. ನಾಯಿಗೆ ಇದೆ, ಕರಡಿಗೆ ಇದೆ, ಕೋತಿಗೂ ಇದೆ, ಮನುಷ್ಯನಿಗೆ ಇಲ್ಲ. ಇರುವುದು ಉದ್ದಕ್ಕೆ ಸಾಗುವ ಮೂರು ಕಂಬಗಳು. ಕೆಳಗಿನದು ತೆಳ್ಳಗಿದ್ದು ಅದರೊಳಗೆ ಮೂತ್ರನಾಳ ಹಾದುಹೋಗುತ್ತದೆ. ಮೇಲಿನ ಎರಡು ಕಂಬಗಳೇ ನಿಮಿರುವ ಕೆಲಸ ಮಾಡುವಂಥವು. ಅವುಗಳ ಒಳಗೆಲ್ಲ ರಕ್ತ ತುಂಬಿಕೊಳ್ಳಬಲ್ಲ ಸಣ್ಣ ಸಣ್ಣ ಖಾನೆಗಳು. ಆ ಎರಡು ಕಂಬಗಳನ್ನೂ ಬಿಗಿಯಾಗಿ ಸುತ್ತಿರುವ ಒಂದು ಗಟ್ಟಿ ಬಿಳಿ ಪೊರೆ ಇದೆ. ವೈದ್ಯರು ಅದನ್ನು ಟ್ಯೂನಿಕಾ ಆಲ್ಬುಜೀನಿಯಾ ಎನ್ನುತ್ತಾರೆ. ಸೈಕಲ್ ಚಕ್ರವನ್ನು ನೆನೆಸಿಕೊಳ್ಳಿ. ಟ್ಯೂಬಿಗೆ ಗಾಳಿ ತುಂಬಿದಷ್ಟೂ ಹಿಗ್ಗುತ್ತದೆ. ಹಿಗ್ಗದಂತೆ ಹಿಡಿದು ಗಡುಸು ತರುವುದು ಮೇಲಿನ ಟೈರು. ಇಲ್ಲಿ ಟೈರಿನ ಕೆಲಸ ಆ ಬಿಳಿ ಪೊರೆಯದು.

ಒಂದು ವ್ಯತ್ಯಾಸ ಮಾತ್ರ ಮುಖ್ಯ. ಟೈರು ದಪ್ಪವಾಗಿಯೇ ಉಳಿಯುತ್ತದೆ. ಈ ಪೊರೆ ಹಾಗಲ್ಲ. ಅಂಗ ಮೆತ್ತಗಿರುವಾಗ ಸುಮಾರು 2 ಮಿಲಿಮೀಟರ್ ದಪ್ಪವಿರುವ ಪೊರೆ, ನಿಮಿರಿದಾಗ ಹಿಗ್ಗಿ ಅರ್ಧದಿಂದ ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಹಾಗಿದ್ದೂ ಅದು ಬಲು ಗಟ್ಟಿ. ಮಾಮೂಲಿ ಮಿಲನದ ಎಳೆದಾಟಕ್ಕೆಲ್ಲ ಜಗ್ಗುವಂಥದ್ದಲ್ಲ. ಆದರೆ ಗಡುಸಾಗಿ ನಿಂತಿರುವ ಹೊತ್ತಿನಲ್ಲಿ ಒಮ್ಮೆಲೇ ಅಡ್ಡಕ್ಕೆ ಬಾಗಿಸಿದರೆ ಒಳಗಿನ ಒತ್ತಡ ಹಲವು ಪಟ್ಟು ಏರಿ, ಪೊರೆ ಒಂದು ಕಡೆ ಹರಿದುಬಿಡುತ್ತದೆ. ಮೆತ್ತಗಿದ್ದಾಗ ಹೀಗಾಗುವುದು ತೀರಾ ಅಪರೂಪ. ಮೂಳೆಯೇ ಇಲ್ಲದಿದ್ದರೂ ವೈದ್ಯರು ಇದನ್ನು ‘ಪೀನೈಲ್ ಫ್ರಾಕ್ಚರ್’ ಎಂದೇ ಕರೆಯುತ್ತಾರೆ. ಆ ಹೆಸರು ಕೇಳಿ ಯಾರಾದರೂ ನಾಟಿ ಕಟ್ಟು ಕಟ್ಟಿಸಿಕೊಳ್ಳಲು ಹೊರಟಾರು ಎಂಬುದೊಂದೇ ನನ್ನ ಭಯ.

ಹರಿಯುವುದು ಹೇಗೆ? ಬಹುಪಾಲು ಸಲ ಕಥೆ ಒಂದೇ. ಲಯ ಏರಿರುತ್ತದೆ, ಅಂಗ ಯೋನಿಯಿಂದ ಪೂರ್ತಿ ಹೊರಕ್ಕೆ ಜಾರಿರುತ್ತದೆ, ಅದು ಇಬ್ಬರಿಗೂ ಗೊತ್ತಾಗುವ ಮೊದಲೇ ಮುಂದಿನ ನೂಕು ಬಂದಿರುತ್ತದೆ. ಒಳಗೆ ಹೋಗಬೇಕಾದದ್ದು ಹೆಂಡತಿಯ ಕಿಬ್ಬೊಟ್ಟೆಯ ಕೆಳಗಿನ ಗಟ್ಟಿ ಮೂಳೆಗೋ, ಯೋನಿಯ ಹಿಂದಿನ ಬಿಗಿ ಜಾಗಕ್ಕೋ ಬಡಿದು ಬಾಗುತ್ತದೆ. ಯಾವ ಭಂಗಿಯಲ್ಲಿ ಅಪಾಯ ಹೆಚ್ಚು ಎಂದು ಹುಡುಗರು ಕುತೂಹಲದಿಂದ ಕೇಳುತ್ತಾರೆ. ಬ್ರೆಜಿಲ್‌ನ ಕಾಂಪಿನಾಸ್‌ನ ವೈದ್ಯರು 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಂಗಸು ಮೇಲಿರುವ ಭಂಗಿಯ ಪಾಲು ದೊಡ್ಡದಿತ್ತು. ಆಗ ಅವಳ ಇಡೀ ಮೈಭಾರ ಅಂಗದ ಮೇಲೆ ಬೀಳುತ್ತದೆ, ತಪ್ಪಿದ್ದನ್ನು ಕೆಳಗಿರುವ ಗಂಡಸು ತಡೆಯಲಾರ. ಅದೇ ದೇಶದ ಇನ್ನೊಂದು ತಂಡ 2017ರಲ್ಲಿ ಹಿಂದಿನಿಂದ ಕೂಡುವ ಭಂಗಿಯನ್ನು ಮೊದಲ ಸ್ಥಾನಕ್ಕೆ ಏರಿಸಿತು. ಹಾಗಾಗಿ ಭಂಗಿಯನ್ನು ದೂರಿ ಪ್ರಯೋಜನವಿಲ್ಲ. ಅಂಗ ಪೂರ್ತಿ ಹೊರಬರುವಷ್ಟು ದೂರ ಸರಿಯುವುದು, ಅದೂ ವೇಗದಲ್ಲಿ — ನಿಜವಾದ ಕಾರಣ ಅದು. ಕುಡಿದ ಮತ್ತು, ಕತ್ತಲೆ, ಮನೆಮಂದಿ ಎದ್ದಾರೆಂಬ ಗಡಿಬಿಡಿ, ಇಕ್ಕಟ್ಟು ಜಾಗ ಎಲ್ಲವೂ ಇದಕ್ಕೆ ಕೂಡಿಕೊಳ್ಳುತ್ತವೆ.

ಜತೆಗಾರ್ತಿಯೇ ಇಲ್ಲದೆಯೂ ಆಗಬಹುದು. ಇರಾನಿನ ಕೆರ್ಮಾನ್‌ಶಾ ಪ್ರಾಂತ್ಯದಿಂದ 2000ದಲ್ಲಿ ಒಂದೇ ವರದಿಯಲ್ಲಿ 172 ಪ್ರಕರಣಗಳು ಹೊರಬಂದಾಗ ಜಗತ್ತಿನ ಮೂತ್ರರೋಗ ತಜ್ಞರೆಲ್ಲ ಕಣ್ಣರಳಿಸಿದರು. ಕಾರಣ ಅಲ್ಲಿನ ಕುರ್ದಿ ಗಂಡಸರಲ್ಲಿದ್ದ ‘ತಕಾಂದನ್’ ಎಂಬ ಅಭ್ಯಾಸ. ನಿಮಿರಿದ ಅಂಗದ ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯ ಭಾಗವನ್ನು ಇನ್ನೊಂದು ಕೈಯಿಂದ ಫಕ್ಕನೆ ಬಾಗಿಸಿ ‘ಟಕ್’ ಎನ್ನಿಸುವುದು; ಬೇಡದ ಹೊತ್ತಿನ ನಿಮಿರುವಿಕೆಯನ್ನು ಇಳಿಸಲು ಹಲವರು ಕಂಡುಕೊಂಡ ಉಪಾಯ. ನೂರು ಸಲ ಏನೂ ಆಗದು, ನೂರೊಂದನೆಯ ಸಲ ಪೊರೆ ಹರಿದೀತು. ನಮ್ಮಲ್ಲೂ ಬೆಳಗಿನ ಜಾವ ನಿಮಿರಿದ ಅಂಗವನ್ನು ಬಲವಂತವಾಗಿ ಪ್ಯಾಂಟಿನೊಳಗೆ ತುರುಕುವವರು, ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಅದರ ಮೇಲೆಯೇ ಹೊರಳುವವರು ಉಂಟು. ಬೆಳಗಿನ ನಿಮಿರುವಿಕೆ ತಾನಾಗಿ ಇಳಿಯುತ್ತದೆ, ಎರಡು ನಿಮಿಷ ಕಾಯಿರಿ.

ಈಗ ಗುರುತುಗಳಿಗೆ ಬರೋಣ, ಇವನ್ನು ಮರೆಯಬಾರದು. ಬೆರಳಿನ ನೆಟಿಕೆ ಮುರಿದಂಥ ಸದ್ದು. ಹಲವು ಸಲ ಹೆಂಡತಿಗೂ ಕೇಳಿಸುತ್ತದೆ. ಅದರ ಬೆನ್ನಿಗೇ ಚುಚ್ಚುವ ನೋವು, ಅದೇ ಕ್ಷಣ ಅಂಗ ಮೆತ್ತಗಾಗಿಬಿಡುವುದು. ನಿಮಿಷಗಳಲ್ಲಿ ಊತ, ಮೇಲೆ ಕಪ್ಪು ನೇರಳೆ ಬಣ್ಣ. ಹರಿದ ಜಾಗದಿಂದ ಸೋರಿದ ರಕ್ತ ಒಂದು ಕಡೆ ಗಡ್ಡೆ ಕಟ್ಟುವುದರಿಂದ ಅಂಗ ಅದರ ವಿರುದ್ಧ ದಿಕ್ಕಿಗೆ ವಾಲುತ್ತದೆ. ಮೂತ್ರದ ತೂತಿನಲ್ಲಿ ರಕ್ತ ಕಂಡರೆ, ಮೂತ್ರ ಹೋಗಲು ಕಷ್ಟವಾದರೆ ಮೂತ್ರನಾಳವೂ ಹರಿದಿರಬಹುದು. ಎಲ್ಲ ಗುರುತುಗಳೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಸದ್ದು ಕೇಳದಿದ್ದರೂ ನೋವಿನೊಂದಿಗೆ ತಟ್ಟನೆ ಮೆತ್ತಗಾಗಿ ಊದಿಕೊಂಡಿದ್ದರೆ ಅದೇ ಎಂದುಕೊಂಡು ಹೊರಡಬೇಕು. ಮೇಲಿನ ರಕ್ತನಾಳವೊಂದು ಒಡೆದಾಗಲೂ ಊತ, ಕಪ್ಪು ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸದ್ದಿರುವುದಿಲ್ಲ, ನಿಮಿರುವಿಕೆ ತಕ್ಷಣ ಇಳಿಯುವುದೂ ಇಲ್ಲ. ಆದರೆ ಇದು ಅದೋ ಇದೋ ಎಂದು ತೀರ್ಮಾನಿಸುವುದು ಮಲಗುವ ಕೋಣೆಯಲ್ಲಲ್ಲ.

ಹೊರಡುವ ಮುನ್ನ ಮಾಡಬಹುದಾದದ್ದು ಸ್ವಲ್ಪವೇ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಮೇಲಿಡಬಹುದು, ನೇರವಾಗಿ ಚರ್ಮಕ್ಕೆ ಬೇಡ. ಎಣ್ಣೆ ಹಚ್ಚಿ ತಿಕ್ಕಬಾರದು, ಬಿಗಿಯಾಗಿ ಕಟ್ಟಬಾರದು, ‘ಇನ್ನೂ ಕೆಲಸ ಮಾಡುತ್ತದೆಯೇ’ ಎಂದು ಪರೀಕ್ಷಿಸಲಂತೂ ಹೋಗಬಾರದು. ಹೊಟ್ಟೆಗೆ ಏನೂ ಹಾಕಬೇಡಿ, ಆಪರೇಷನ್ ಬೇಕಾದೀತು. ತಾಲ್ಲೂಕು ಊರಿನಲ್ಲಿದ್ದರೆ ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಹೋಗುವುದು ಲೇಸು. ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯೇ ಇದೆ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ.

“ಏನಾಯ್ತಪ್ಪಾ?”

“ಬಾತ್‌ರೂಮಲ್ಲಿ ಜಾರಿ ಬಿದ್ದೆ ಸಾರ್.”

“ಬಿದ್ದಾಗ ಗಟ್ಟಿಯಾಗಿತ್ತೋ, ಮೆತ್ತಗಿತ್ತೋ?”

ಇಷ್ಟಕ್ಕೆ ಹುಡುಗ ನೆಲ ನೋಡುತ್ತಾನೆ. ಡ್ಯೂಟಿ ಡಾಕ್ಟರಿಗೆ ಅರ್ಥವಾಗುತ್ತದೆ. ಜತೆಗೆ ಬಂದ ಅಣ್ಣನನ್ನು ಹೊರಗೆ ಕಳಿಸಿ ಮತ್ತೆ ಕೇಳುತ್ತಾರೆ. ಅವರಿಗೆ ಬೇಕಿರುವುದು ನಿಮ್ಮ ಸಂಸಾರದ ಕಥೆಯಲ್ಲ. ಎಷ್ಟು ಹೊತ್ತಿಗೆ ಆಯಿತು, ನಿಮಿರಿತ್ತೇ, ಸದ್ದು ಬಂತೇ, ತಕ್ಷಣ ಇಳಿಯಿತೇ, ಆಮೇಲೆ ಮೂತ್ರ ಹೋಯಿತೇ, ಅದರಲ್ಲಿ ರಕ್ತವಿತ್ತೇ — ಇಷ್ಟೇ. ಈ ಉತ್ತರಗಳೇ ಅರ್ಧ ರೋಗನಿರ್ಣಯ. ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂಬುದು ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಗಳಲ್ಲೇ ಇದೆ. ‘ಮನೆಯವರ ಮುಂದೆ ಬೇಡ, ನಿಮ್ಮ ಹತ್ತಿರ ಒಬ್ಬನೇ ಮಾತಾಡಬೇಕು’ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಮುಟ್ಟಿ ನೋಡುವಾಗ ಚರ್ಮದ ಕೆಳಗೆ ಹೆಪ್ಪುಗಟ್ಟಿದ ರಕ್ತದ ಗಂಟು ಕೈಗೆ ಸಿಕ್ಕರೆ ಹರಿದಿರುವುದು ಅಲ್ಲೇ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಮಾಡುತ್ತಾರೆ, ಕೆಲವೊಮ್ಮೆ ಎಂಆರ್‌ಐ. ಗುರುತುಗಳು ಸ್ಪಷ್ಟವಿದ್ದರೆ ನೇರ ಆಪರೇಷನ್. ಆಪರೇಷನ್ ಎಂದೊಡನೆ ಎದೆ ಝಲ್ಲೆನ್ನುವುದು ಸಹಜ, ಅದಕ್ಕೇ ಒಳಗೆ ಏನು ನಡೆಯುತ್ತದೆಂದು ಹೇಳಿಬಿಡುತ್ತೇನೆ. ಹಲವು ಸಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ. ಶಿಶ್ನದ ತುದಿಯ ಹಿಂದೆ ಸುತ್ತಲೂ ಚರ್ಮ ಬಿಡಿಸಿ ಬುಡದ ಕಡೆಗೆ ಸರಿಸುತ್ತಾರೆ. ಇಲ್ಲವೇ ಹರಿದ ಜಾಗದ ಮೇಲೆಯೇ ಸಣ್ಣ ಗಾಯ ಮಾಡುತ್ತಾರೆ. ಕಟ್ಟಿಕೊಂಡ ರಕ್ತ ತೆಗೆದರೆ ಬಿಳಿ ಪೊರೆಯಲ್ಲಿ ಅಡ್ಡಡ್ಡಕ್ಕೆ ಬಿಟ್ಟ ಸೀಳು ಕಾಣುತ್ತದೆ, ಹೆಚ್ಚಾಗಿ ಒಂದೆರಡು ಸೆಂಟಿಮೀಟರ್. ತಾನಾಗಿ ಕರಗುವ ದಾರದಿಂದ ಅದನ್ನು ಹೊಲಿದು ಚರ್ಮವನ್ನು ಮೊದಲಿದ್ದಲ್ಲಿಗೆ ತರುತ್ತಾರೆ. ಮೂತ್ರನಾಳ ಹರಿದಿದ್ದರೆ ಅದನ್ನೂ ಹೊಲಿದು ಕೆಲವು ದಿನ ಮೂತ್ರದ ಕೊಳವೆ (ಕ್ಯಾಥೆಟರ್) ಇಡುತ್ತಾರೆ.

ಹೊತ್ತಿಗೆ ಸರಿಯಾಗಿ, ಎಂದರೆ ಆದಷ್ಟೂ ಒಂದು ದಿನದೊಳಗೆ ಹೊಲಿಸಿಕೊಂಡವರಲ್ಲಿ ಬಹುಪಾಲು ಜನ ಮೊದಲಿನಂತೆ ಸಂಸಾರ ನಡೆಸುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟವರ ಪಾಡು ಬೇರೆ. ಊತವೇನೋ ವಾರಗಳಲ್ಲಿ ಇಳಿಯುತ್ತದೆ, ‘ದೇವರು ದೊಡ್ಡವನು’ ಎಂದುಕೊಳ್ಳುತ್ತಾರೆ. ಆಮೇಲೆ ಹರಿದ ಜಾಗದಲ್ಲಿ ಗಡುಸು ಕಲೆ ಬಲಿತು ನಿಮಿರಿದಾಗ ಅಂಗ ಸೊಟ್ಟಗಾಗುತ್ತದೆ, ನೋಯುತ್ತದೆ, ಕೆಲವರಲ್ಲಿ ನಿಮಿರುವುದೇ ಕಷ್ಟವಾಗುತ್ತದೆ. ಪೆಟ್ಟಿಗಿಂತ ಮುಚ್ಚಿಟ್ಟದ್ದೇ ಹೆಚ್ಚು ಕೆಡಿಸಿತು ಎಂದು ಹೇಳಬಹುದಾದ ಗಾಯಗಳಲ್ಲಿ ಇದು ಒಂದು. ಎರಡು ದಿನ ಕಳೆದುಹೋಗಿದ್ದರೂ ಹೋಗಿ. ತಡವಾಯಿತೆಂದು ಬಾಗಿಲು ಮುಚ್ಚುವುದಿಲ್ಲ.

ಆಪರೇಷನ್ ಆದಮೇಲೆ ನಾಲ್ಕರಿಂದ ಆರು ವಾರ ಮಿಲನವೂ ಇಲ್ಲ, ಹಸ್ತಮೈಥುನವೂ ಇಲ್ಲ. ಆದರೆ ನಿದ್ದೆಗೆ ಈ ನಿಯಮ ತಿಳಿಯದು. ಆರೋಗ್ಯವಂತ ಗಂಡಸಿನ ಅಂಗ ರಾತ್ರಿಯಲ್ಲಿ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ, ಹೊಲಿಗೆ ಎಳೆದು ಎಚ್ಚರವಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. ಆ ನೋವು ತೀರಾ ಹೆಚ್ಚಾದರೆ ವೈದ್ಯರಿಗೆ ಹೇಳಿ, ಅದಕ್ಕೂ ಔಷಧಿ ಇದೆ. ಹೆಂಡತಿಯನ್ನೂ ಇಲ್ಲಿ ಮರೆಯಬಾರದು. ‘ನನ್ನಿಂದಲೇ ಹೀಗಾಯಿತು’ ಎಂದು ಅವಳು ಒಳಗೊಳಗೇ ಕೊರಗುತ್ತಿರುತ್ತಾಳೆ, ಅತ್ತೆಮನೆಯಲ್ಲಿ ಯಾರೊಂದಿಗೂ ಆಡಲಾರಳು. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗಿ. ಮತ್ತೆ ಯಾವಾಗ, ಹೇಗೆ ಶುರುಮಾಡಬೇಕೆಂಬುದನ್ನು ಇಬ್ಬರ ಕಿವಿಯೂ ಕೇಳಲಿ.

ಇಷ್ಟು ಹೊತ್ತು ಹೇಳಿದ್ದು ಅಪರೂಪದ, ಆದರೆ ದೊಡ್ಡ ಗಾಯ. ಹೊಸದಾಗಿ ಮದುವೆಯಾದವರು ಹೆಚ್ಚಾಗಿ ಹೆದರಿ ಓಡಿಬರುವುದು ಇನ್ನೊಂದಕ್ಕೆ. ಶಿಶ್ನದ ತುದಿಯ ಕೆಳಗಡೆ, ಮುಂದೊಗಲನ್ನು ತುದಿಗೆ ಹಿಡಿದಿಟ್ಟ ಒಂದು ಸಣ್ಣ ಚರ್ಮದ ಎಳೆ ಇದೆ, ಫ್ರೆನುಲಮ್. ಕೆಲವರಲ್ಲಿ ಅದು ಹುಟ್ಟಿನಿಂದಲೇ ಗಿಡ್ಡ. ಮೊದಲ ರಾತ್ರಿಯ ಆತುರದಲ್ಲಿ, ಯೋನಿ ಇನ್ನೂ ಒಣಗಿರುವಾಗಲೇ ನುಗ್ಗಿದರೆ ಆ ಎಳೆ ಹರಿಯುತ್ತದೆ. ಅದರೊಳಗೆ ಸಣ್ಣ ರಕ್ತನಾಳವಿರುವುದರಿಂದ ರಕ್ತ ಹಾಸಿಗೆ ತುಂಬ ಹರಡಿ, ಯಾರಿಗೆ ಗಾಯವಾಯಿತೆಂಬುದೇ ತಿಳಿಯದೆ ಇಬ್ಬರೂ ಕಂಗಾಲಾಗುತ್ತಾರೆ. ಇದು ಫ್ರಾಕ್ಚರ್ ಅಲ್ಲ. ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿದರೆ ಹೆಚ್ಚಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಒಂದೆರಡು ಹೊಲಿಗೆ ಬೇಕು. ನಿಂತರೂ ಪೂರ್ತಿ ಮಾಯುವವರೆಗೆ ಕೂಡಬಾರದು. ಪದೇಪದೇ ಹರಿಯುತ್ತಿದ್ದರೆ ಆ ಎಳೆಯನ್ನು ಉದ್ದ ಮಾಡುವ ಚಿಕ್ಕ ಆಪರೇಷನ್ ಇದೆ; ಅದೇ ದಿನ ಮನೆಗೆ ಬರಬಹುದು.

ಒಣಗಿರುವುದು ಎಂದೆನಲ್ಲ, ಅದಕ್ಕೆ ಅವಸರವೊಂದೇ ಕಾರಣವಲ್ಲ. ಹೆದರಿಕೆ, ಹಾಲೂಡಿಸುತ್ತಿರುವ ತಿಂಗಳುಗಳು, ಮುಟ್ಟು ನಿಲ್ಲುವ ವಯಸ್ಸು ಇವೆಲ್ಲ ಹೆಣ್ಣಿನ ತೇವವನ್ನು ಕಡಿಮೆ ಮಾಡುತ್ತವೆ. “ರೀ, ಸ್ವಲ್ಪ ತಾಳಿ” ಎಂದು ಅವಳು ಹೇಳುವುದು ಅವಳ ನೋವಿಗಷ್ಟೇ ಅಲ್ಲ, ನಿಮ್ಮ ಚರ್ಮಕ್ಕೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ನೀರಿನ ಅಂಶದ ಜೆಲ್ ಸಿಗುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ದುರ್ಬಲವಾಗಿ ಹರಿಯಬಹುದು.

ಮುಂದೊಗಲು ಬಿಗಿಯಿರುವವರು ಇನ್ನೊಂದು ಎಚ್ಚರ ವಹಿಸಬೇಕು. ಹಿಂದಕ್ಕೆ ಸರಿದ ಚರ್ಮ ಮುಂದಕ್ಕೆ ಬಾರದೆ ತುದಿಯ ಹಿಂದೆ ಉಂಗುರದಂತೆ ಬಿಗಿದುಕೊಂಡರೆ ತುದಿ ಊದಿ ರಕ್ತ ಸಂಚಾರ ನಿಲ್ಲುತ್ತ ಬರುತ್ತದೆ. ಪ್ಯಾರಾಫೈಮೋಸಿಸ್ ಎಂಬ ಇದು ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಇನ್ನು ನಲವತ್ತು ದಾಟಿದ ಮೇಲೆ, ಅದುವರೆಗೆ ಸಲೀಸಾಗಿದ್ದ ಮುಂದೊಗಲು ಬಿಗಿಯಾಗಿ ಬಿರುಕು ಬಿಡತೊಡಗಿದರೆ ಮುಲಾಮು ಕೊಳ್ಳುವ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ಮೊದಲು ಕಾಣಿಸಿಕೊಳ್ಳುವುದು ಅಲ್ಲೇ.

ಯಾವ ದೊಡ್ಡ ಪೆಟ್ಟಿನ ನೆನಪೂ ಇಲ್ಲದೆ ಅಂಗ ಬರಬರುತ್ತ ಸೊಟ್ಟಗಾಗುವುದೂ ಉಂಟು. ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಶಸ್ತ್ರವೈದ್ಯ ಪೆರೋನಿ 1743ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ಗಮನಕ್ಕೇ ಬಾರದ ಸಣ್ಣಪುಟ್ಟ ಪೆಟ್ಟುಗಳು ಪೊರೆಯಲ್ಲಿ ಕಲೆಯಾಗಿ ಬಲಿಯುವುದೇ ಇದರ ಮೂಲವೆಂದು ಬಹಳಷ್ಟು ತಜ್ಞರ ಅಭಿಪ್ರಾಯ. ಇದಕ್ಕೆ ರಾತ್ರೋರಾತ್ರಿ ಓಡಬೇಕಿಲ್ಲ, ತೋರಿಸಿಕೊಂಡರೆ ಸಾಕು.

ಓಡಬೇಕಾದ ಇನ್ನೊಂದಿದೆ. ನಿಮಿರಿದ ಅಂಗ ಮಿಲನ ಮುಗಿದು, ಆಸೆ ಇಳಿದು ನಾಲ್ಕು ಗಂಟೆ ಕಳೆದರೂ ಮೆತ್ತಗಾಗದೆ ನೋಯುತ್ತಿದ್ದರೆ ಅದು ಪ್ರಯಾಪಿಸಂ. ಗೆಳೆಯರಿಗೆ ಹೇಳಿದರೆ ‘ಅದೃಷ್ಟವಂತ’ ಎಂದು ನಕ್ಕಾರು. ಒಳಗೆ ನಿಂತ ರಕ್ತ ಮಡುಗಟ್ಟಿ ಆಮ್ಲಜನಕವಿಲ್ಲದೆ ಅಂಗಾಂಶ ಸಾಯತೊಡಗಿರುತ್ತದೆ. ಒಂದು ದಿನ ದಾಟಿದರೆ ಮುಂದೆಂದೂ ನಿಮಿರದಂತಾಗುವ ಅಪಾಯವಿದೆ. ನಿಮಿರಿಸಲೆಂದು ಕೊಡುವ ಇಂಜೆಕ್ಷನ್, ಮನೋರೋಗದ ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಲ್ಲವು. ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಅನೀಮಿಯಾ) ಇರುವ ಹುಡುಗರಲ್ಲಿ ಇದು ಹೆಚ್ಚು. ಮೈಸೂರು, ಚಾಮರಾಜನಗರ ಸೀಮೆಯ ಬುಡಕಟ್ಟು ಸಮುದಾಯಗಳಲ್ಲಿ ಈ ರಕ್ತದೋಷ ಇದೆ. ಅದನ್ನು ತೊಲಗಿಸಲೆಂದು 2023ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಡಿ ತಪಾಸಣೆ ಮಾಡುವಾಗ ಹುಡುಗರಿಗೆ ಪ್ರಯಾಪಿಸಂ ಬಗ್ಗೆಯೂ ಒಂದು ಮಾತು ಹೇಳಿದರೆ ಒಳ್ಳೆಯದು.

ಕೊನೆಗೆ ಮಾತ್ರೆಗಳ ವಿಷಯ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ 1954ರ ಕಾನೂನಿನ ಪ್ರಕಾರ ಅಪರಾಧ. ಆದರೂ ಲಾಡ್ಜಿನ ರೂಮಿನಲ್ಲಿ ತಿಂಗಳಿಗೊಮ್ಮೆ ‘ಲಭ್ಯ’ರಾಗುವ ವೈದ್ಯರ ಚೀಟಿಗಳಿಗೆ ಗೋಡೆ ಸಾಲದು. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಸದ್ದಿಲ್ಲದೆ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. 1998ರಲ್ಲಿ ವಯಾಗ್ರ ಎಂಬ ಹೆಸರಿನಲ್ಲಿ ಬಂದ ಮಾತ್ರೆ ಅದೇ. ವೈದ್ಯರು ನೋಡಿ ಕೊಟ್ಟರೆ ಅದು ಒಳ್ಳೆಯ ಮಾತ್ರೆಯೇ. ಆದರೆ ನಿಮಿರುವುದು ಕಷ್ಟವಾಗತೊಡಗಿದರೆ ಮಾತ್ರೆಗಿಂತ ಮೊದಲು ಹೃದಯದ ತಪಾಸಣೆ ಆಗಬೇಕು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರ, ಹಾಗಾಗಿ ಕೊಬ್ಬು ಕಟ್ಟುವ ತೊಂದರೆ ಎದೆನೋವಿಗಿಂತ ಕೆಲವು ವರ್ಷ ಮುಂಚೆಯೇ ಅಲ್ಲಿ ಕಾಣಿಸಿಕೊಳ್ಳಬಹುದು. ಹೃದಯಕ್ಕೆಂದು ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ನುಂಗುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಕುತ್ತು ಬರುವಷ್ಟು ಕುಸಿಯುತ್ತದೆ. ಸಿಲ್ಡೆನಾಫಿಲ್ ಮಾತ್ರೆಯನ್ನೋ ಅದು ಬೆರೆತಿರಬಹುದಾದ ಪುಡಿಯನ್ನೋ ನುಂಗಿದ ರಾತ್ರಿಯೇ ಎದೆನೋವು ಬಂದು ಆಸ್ಪತ್ರೆ ಸೇರಿದರೆ, ಪಕ್ಕದಲ್ಲಿ ಹೆಂಡತಿ, ಮಗ, ಅಳಿಯ ಯಾರೇ ನಿಂತಿರಲಿ, ಏನು ನುಂಗಿದಿರಿ, ಎಷ್ಟು ಹೊತ್ತಿಗೆ ನುಂಗಿದಿರಿ ಎಂಬುದನ್ನು ಮೊದಲು ಹೇಳಿ. ಡಾಕ್ಟರು ನಾಲಿಗೆಯ ಕೆಳಗೆ ಇಡಲು ಕೈಗೆತ್ತಿಕೊಳ್ಳುವ ಮಾತ್ರೆ ಆ ನೈಟ್ರೇಟೇ ಆಗಿರಬಹುದು.